ಯಾರು ಬೇಕಾದರೂ ತೆರೆದು ನೋಡಬಹುದಾದ ಪಟ್ಟಿ

ಬ್ರಿಟನ್ನಿನಲ್ಲಿ ಫಿಸಿಯೋಥೆರಪಿಸ್ಟ್ ಎಂದು ಬೋರ್ಡು ಹಾಕಿಕೊಳ್ಳಬೇಕಾದರೆ ಒಂದು ಪಟ್ಟಿಯಲ್ಲಿ ಹೆಸರಿರಬೇಕು. ಎಕ್ಸ್‌ರೇ ತೆಗೆಯುವ ರೇಡಿಯೋಗ್ರಾಫರ್, ಆಂಬುಲೆನ್ಸಿನ ಪ್ಯಾರಾಮೆಡಿಕ್, ಪಥ್ಯ ಹೇಳುವ ಡಯಟೀಷಿಯನ್, ಮಾತಿನ ತೊಡಕಿಗೆ ಚಿಕಿತ್ಸೆ ನೀಡುವ ಸ್ಪೀಚ್ ಥೆರಪಿಸ್ಟ್ ಹೀಗೆ 15 ವೃತ್ತಿಗಳಿಗೆ ಈ ನಿಯಮವಿದೆ. ಪಟ್ಟಿಯನ್ನು ನೋಡಿಕೊಳ್ಳುವುದು ಲಂಡನ್ನಿನ ಹೆಲ್ತ್ ಅಂಡ್ ಕೇರ್ ಪ್ರೊಫೆಷನ್ಸ್ ಕೌನ್ಸಿಲ್. ಡಾಕ್ಟರಿಗೂ ನರ್ಸಿಗೂ ಬೇರೆ ಮಂಡಳಿಗಳಿವೆ.

ಅಲ್ಲಿಯೂ ಇದು ಮೊದಲಿನಿಂದ ಇದ್ದದ್ದಲ್ಲ. 1960ರ ಕಾಯ್ದೆಯಡಿ ಸರ್ಕಾರಿ ಆರೋಗ್ಯ ಸೇವೆಗೆ ಸೇರುವವರಿಗೆ ಮಾತ್ರ ನೋಂದಣಿ ಕಡ್ಡಾಯವಾಗಿತ್ತು. ಹೊರಗೆ ಖಾಸಗಿಯಾಗಿ ಕೂತವರು ಏನೂ ಓದದೆ ಫಿಸಿಯೋಥೆರಪಿಸ್ಟ್ ಎಂದುಕೊಂಡರೂ ಕೇಳುವವರಿರಲಿಲ್ಲ. 2003ರಲ್ಲಿ ಹೊಸ ನೋಂದಣಿ ಜಾರಿಗೆ ಬಂದ ಮೇಲೆ ಜನರನ್ನು ನಂಬಿಸಲು ಆ ಹೆಸರು ಬಳಸುವುದು ಅಪರಾಧವಾಯಿತು. ಆದರೂ ಕಿಂಡಿಗಳು ಉಳಿದಿವೆ. ‘ಕ್ಲಿನಿಕಲ್ ಸೈಕಾಲಜಿಸ್ಟ್’ ಎಂಬ ಹೆಸರಿಗೆ ರಕ್ಷಣೆಯಿದೆ, ಬರಿಯ ‘ಸೈಕಾಲಜಿಸ್ಟ್’ಗೆ ಇಲ್ಲ. ಮನಸ್ಸು ನೊಂದು ಬಂದವರಿಗೆ ಈ ವ್ಯತ್ಯಾಸ ಹೇಗೆ ತಿಳಿಯಬೇಕು? ಇದು ಆ ವ್ಯವಸ್ಥೆಯ ದೊಡ್ಡ ಕೊರತೆ ಎಂದೇ ನನಗನ್ನಿಸುತ್ತದೆ.

ನೋಂದಣಿಯನ್ನು ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು. ಆ ಹೊತ್ತಿಗೆ ಕೆಲವರನ್ನು ಆರಿಸಿ, ಈ ಅವಧಿಯಲ್ಲಿ ಹೊಸದಾಗಿ ಏನು ಕಲಿತಿರಿ, ಅದರಿಂದ ರೋಗಿಗೇನು ಲಾಭವಾಯಿತು ಎಂದು ಲೆಕ್ಕ ಕೇಳುತ್ತಾರೆ.

ನಾನು ಹೆಚ್ಚು ಮೆಚ್ಚುವುದು ದೂರಿನ ವಿಚಾರಣೆಯನ್ನು. ರೋಗಿ, ಸಹೋದ್ಯೋಗಿ, ಯಾರು ಬೇಕಾದರೂ ದೂರು ಕೊಡಬಹುದು. ತೀರ್ಪು ಹೇಳುವ ಸಮಿತಿಯಲ್ಲಿ ಅದೇ ವೃತ್ತಿಯವರೊಬ್ಬರ ಜೊತೆಗೆ ವೃತ್ತಿಗೆ ಸಂಬಂಧವೇ ಇಲ್ಲದ ಸಾಮಾನ್ಯ ಪ್ರಜೆಯೊಬ್ಬರೂ ಇರಲೇಬೇಕು. ವಿಚಾರಣೆ ಸಾಮಾನ್ಯವಾಗಿ ಬಹಿರಂಗ. ಆರೋಗ್ಯದ ಖಾಸಗಿ ವಿವರ ಬಂದಾಗ ಮಾತ್ರ ಬಾಗಿಲು ಮುಚ್ಚುತ್ತಾರೆ. ಎಚ್ಚರಿಕೆ, ಷರತ್ತು, ಒಂದು ವರ್ಷದವರೆಗಿನ ಅಮಾನತು, ಕೊನೆಗೆ ಪಟ್ಟಿಯಿಂದ ಹೆಸರು ತೆಗೆಯುವುದು ಇವು ಶಿಕ್ಷೆಗಳು. ಹೆಸರು ಹೋದವರು ಐದು ವರ್ಷ ಮರಳಿ ಅರ್ಜಿ ಹಾಕುವಂತಿಲ್ಲ. ಇಷ್ಟು ಬಿಗಿಯಾದ ಕಾನೂನಿನಲ್ಲಿ ಒಂದು ಕರುಣೆಯೂ ಇದೆ. ಕಾಯಿಲೆಯಿಂದಲೋ ಕೌಶಲ ಸಾಲದೆಯೋ ತಪ್ಪಿದವರ ಹೆಸರನ್ನು ತಟ್ಟನೆ ತೆಗೆಯುವಂತಿಲ್ಲ. ಅವರು ಸತತ ಎರಡು ವರ್ಷ ಅಮಾನತಿನಲ್ಲೋ ಷರತ್ತಿನಲ್ಲೋ ಇದ್ದು, ಚೇತರಿಸಿಕೊಳ್ಳಲು, ಕಲಿಯಲು ಅವಕಾಶ ಸಿಕ್ಕ ಮೇಲಷ್ಟೇ ಆ ಮಾತು. ಮೋಸ ಮಾಡಿದವನನ್ನೂ ಸೋತವನನ್ನೂ ಒಂದೇ ತಕ್ಕಡಿಯಲ್ಲಿ ತೂಗದ ಈ ವಿವೇಕ ದೊಡ್ಡದು.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದವರಿರಲಿ, ಮಂಗಳೂರಿನಲ್ಲಿ ಫಿಸಿಯೋಥೆರಪಿ ಕಲಿತವರಿರಲಿ, ಬ್ರಿಟನ್ನಿಗೆ ಹೋದರೆ ಈ ಪಟ್ಟಿಗೆ ಸೇರಲೇಬೇಕು. ಅವರ ಓದು, ಅನುಭವವನ್ನು ಅಲ್ಲಿನ ಮಾನದಂಡದ ಎದುರಿಟ್ಟು ಪರಿಶೀಲಿಸುತ್ತಾರೆ.

ನಮ್ಮಲ್ಲಿ ವಾಕ್ ಶ್ರವಣ ತಜ್ಞರ ನೋಂದಣಿಗೆ 1992ರ ಪುನರ್ವಸತಿ ಪರಿಷತ್ತಿನ ಕಾಯ್ದೆಯಿದೆ. ಫಿಸಿಯೋಥೆರಪಿ, ಲ್ಯಾಬ್, ರೇಡಿಯಾಲಜಿಯಂಥ ವೃತ್ತಿಗಳಿಗೆ ದೇಶಕ್ಕೆಲ್ಲ ಅನ್ವಯಿಸುವ ಕಾಯ್ದೆ ಬಂದದ್ದು 2021ರಲ್ಲಿ. ಅದರ ಪ್ರಕಾರ ಕೇಂದ್ರದಲ್ಲೊಂದು, ರಾಜ್ಯಗಳಲ್ಲೊಂದೊಂದು ರಿಜಿಸ್ಟರು ಇರಬೇಕು. ಕರ್ನಾಟಕದ ರಿಜಿಸ್ಟರು ಕಚೇರಿಯ ಬೀರುವಿನಲ್ಲಿ ಕೂರಬಾರದು. ಬೀದರಿನ ಲ್ಯಾಬಿನಲ್ಲಿ ರಕ್ತ ಕೊಡಲು ಕೂತ ತಾಯಿಯೊಬ್ಬಳು, ಸೂಜಿ ಹಿಡಿದವರ ಹೆಸರು ಅದರಲ್ಲಿದೆಯೇ ಎಂದು ತನ್ನ ಮೊಬೈಲಿನಲ್ಲೇ, ಕನ್ನಡದಲ್ಲೇ ಹುಡುಕಿ ನೋಡುವಂತಿರಬೇಕು. ಇಲ್ಲದಿದ್ದರೆ ಅಲ್ಲಿಂದಲೇ ದೂರು ಬರೆಯುವಂತಿರಬೇಕು.