ಗೊತ್ತಾಯಿತು ಎಂಬ ಭಾವನೆ

ಪದವಿ ತರಗತಿಯ ಓದು ಇವತ್ತು ಬಹುಮಟ್ಟಿಗೆ ಮೊಬೈಲ್ ಪರದೆಯ ಮೇಲೆ ನಡೆಯುತ್ತದೆ. ಉಪನ್ಯಾಸಕರ ನೋಟ್ಸ್ ಪಿಡಿಎಫ್ ಆಗಿ ವಾಟ್ಸ್‌ಆ್ಯಪ್ ಗ್ರೂಪಿಗೆ ಬರುತ್ತದೆ, ತಲೆಗೆ ಹತ್ತದ ಅಧ್ಯಾಯಕ್ಕೆ ಯೂಟ್ಯೂಬಿನಲ್ಲಿ ಬೇಕಾದಷ್ಟು ವಿಡಿಯೊಗಳಿವೆ, ಅಸೈನ್‌ಮೆಂಟಿಗೆ ಚಾಟ್‌ಬಾಟ್ ಇದೆ. ಇವನ್ನೆಲ್ಲ ಬಳಸಲು ಬಂದರೆ ಡಿಜಿಟಲ್ ಸಾಕ್ಷರತೆ ಬಂದಂತೆಯೇ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಆದರೆ ಕಲಿಕೆಯ ಬಗ್ಗೆ ಕಳೆದ ಎರಡು ದಶಕಗಳಲ್ಲಿ ನಡೆದ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಈ ನಂಬಿಕೆ ಬಹಳ ಮುಖ್ಯವಾದ ಒಂದು ಸಂಗತಿಯನ್ನು ಕೈಬಿಟ್ಟಿರುವುದು ಕಾಣುತ್ತದೆ. ವಿಷಯ ತನಗೆ ತಿಳಿಯಿತೋ ಇಲ್ಲವೋ ಎಂದು ಅಳೆಯಲು ವಿದ್ಯಾರ್ಥಿ ನೆಚ್ಚುವುದು ತನ್ನದೇ ಒಳಭಾವನೆಯನ್ನು. ಓದು ಸರಾಗವಾಗಿ ಸಾಗಿದರೆ ತಿಳಿಯಿತು ಅನ್ನಿಸುತ್ತದೆ. ತಡವರಿಸಿದರೆ ತಿಳಿಯಲಿಲ್ಲ ಅನ್ನಿಸುತ್ತದೆ. ಈ ಭಾವನೆ ಆಗಾಗ ತಪ್ಪು ಹೇಳುತ್ತದೆ. ಎಲ್ಲವನ್ನೂ ಸರಾಗ ಮಾಡಲೆಂದೇ ರೂಪಿಸಿದ ತಂತ್ರಜ್ಞಾನದ ಎದುರಿಗಂತೂ ಅದನ್ನು ನಂಬುವುದು ಇನ್ನೂ ಕಷ್ಟ. ಇದನ್ನು ಅರಿತು ಎಚ್ಚರದಿಂದಿರುವುದೇ ಡಿಜಿಟಲ್ ಸಾಕ್ಷರತೆಯ ತಿರುಳಾಗಬೇಕು ಎಂಬುದು ನನ್ನ ವಾದ.

ಕಂಪ್ಯೂಟರಿನ ಗೊಡವೆಯೇ ಇಲ್ಲದ ಒಂದು ಪ್ರಯೋಗದಿಂದ ಶುರುಮಾಡೋಣ. 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಕಾಲೇಜು ವಿದ್ಯಾರ್ಥಿಗಳಿಗೆ ಚಿಕ್ಕ ಗದ್ಯಭಾಗಗಳನ್ನು ಓದಲು ಕೊಟ್ಟರು. ಒಂದು ಭಾಗವನ್ನು ಎರಡನೆಯ ಸಲ ಓದಿಸಿದರು. ಇನ್ನೊಂದನ್ನು ಮತ್ತೆ ತೋರಿಸದೆ, ನೆನಪಿದ್ದಷ್ಟನ್ನು ಬರೆಯಲು ಹೇಳಿದರು. ಐದು ನಿಮಿಷ ಬಿಟ್ಟು ಪರೀಕ್ಷಿಸಿದಾಗ ಎರಡು ಸಲ ಓದಿದ್ದೇ ಹೆಚ್ಚು ನೆನಪಿತ್ತು. ಒಂದು ವಾರದ ನಂತರ ಫಲಿತಾಂಶ ತಿರುಗುಮುರುಗಾಯಿತು: ಮತ್ತೆ ಓದಿದ್ದರಲ್ಲಿ ಶೇ. 42ರಷ್ಟು, ನೆನಪಿನಿಂದ ಬರೆದದ್ದರಲ್ಲಿ ಶೇ. 56ರಷ್ಟು ಉಳಿದಿತ್ತು. ಇದೇ ಸರಣಿಯ ಮುಂದಿನ ಪ್ರಯೋಗದಲ್ಲಿ ಮೇಲಿಂದ ಮೇಲೆ ಓದಿದವರೇ ‘ನಮಗೆ ಚೆನ್ನಾಗಿ ನೆನಪಿರುತ್ತದೆ’ ಎಂಬ ಹೆಚ್ಚಿನ ಭರವಸೆ ತೋರಿದರು. ಕೊನೆಗೆ ಹಿಂದೆ ಬಿದ್ದವರೂ ಅವರೇ. ಹಾರ್ವರ್ಡ್‌ನ ಭೌತವಿಜ್ಞಾನ ತರಗತಿಗಳಲ್ಲಿ ಲೂಯಿ ಡೆಲೋರಿಯೆ ಮತ್ತು ಸಂಗಡಿಗರು ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಇನ್ನೊಂದು ದಿಕ್ಕಿನಿಂದ ತೋರಿಸಿತು. ಅನುಭವಿ ಅಧ್ಯಾಪಕರ ಸೊಗಸಾದ ಉಪನ್ಯಾಸ ಕೇಳಿದವರಿಗಿಂತ, ಅದೇ ಪಾಠವನ್ನು ಗುಂಪುಗಳಲ್ಲಿ ತಾವೇ ಲೆಕ್ಕ ಬಿಡಿಸುತ್ತ ಕಲಿತವರು ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದರು. ಹೆಚ್ಚು ಕಲಿತೆವು ಎಂದು ಹೇಳಿಕೊಂಡವರು ಮಾತ್ರ ಉಪನ್ಯಾಸ ಕೇಳಿದವರು. ತಿಣುಕಾಡಿದ್ದನ್ನು ವಿದ್ಯಾರ್ಥಿಗಳು ಸೋಲೆಂದು ಓದಿಕೊಂಡರು, ಕಲಿಕೆ ನಡೆಯುತ್ತಿದ್ದುದು ಆ ತಿಣುಕಾಟದಲ್ಲೇ ಆಗಿದ್ದರೂ.

ಈಗ ಇದಕ್ಕೆ ಚಾಟ್‌ಬಾಟನ್ನು ಸೇರಿಸಿ ನೋಡಿ. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಹಮ್ಸಾ ಬಸ್ತಾನಿ ಮತ್ತು ಸಂಗಡಿಗರು ಟರ್ಕಿಯ ಸುಮಾರು ಸಾವಿರ ಪ್ರೌಢಶಾಲಾ ವಿದ್ಯಾರ್ಥಿಗಳ ಗಣಿತ ತರಗತಿಗಳಲ್ಲಿ ಪ್ರಯೋಗ ನಡೆಸಿದರು. ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಮಾಮೂಲಿ ಚಾಟ್‌ಬಾಟ್ ಸಿಕ್ಕವರು ಅಭ್ಯಾಸದ ಲೆಕ್ಕಗಳಲ್ಲಿ, ಅದು ಸಿಗದವರಿಗಿಂತ ಶೇ. 48ರಷ್ಟು ಮುಂದಿದ್ದರು. ಅದನ್ನು ಕಿತ್ತುಕೊಂಡು ಪರೀಕ್ಷೆಗೆ ಕೂರಿಸಿದಾಗ ಶೇ. 17ರಷ್ಟು ಹಿಂದೆ ಬಿದ್ದರು. ನನ್ನನ್ನು ಹೆಚ್ಚು ಕಾಡುವುದು ಅಂಕ ಇಳಿದದ್ದಲ್ಲ. ತಮ್ಮ ಕಲಿಕೆ ಕುಂಠಿತವಾಗಿದೆ ಎಂಬುದರ ಸುಳಿವೇ ಆ ವಿದ್ಯಾರ್ಥಿಗಳಿಗೆ ಇರಲಿಲ್ಲ. ಅದೇ ಪ್ರಯೋಗದಲ್ಲಿ ಇನ್ನೊಂದು ಗುಂಪಿಗೆ, ನೇರ ಉತ್ತರ ಕೊಡದೆ ಸುಳಿವುಗಳನ್ನಷ್ಟೇ ಕೊಡುವಂತೆ ಅಧ್ಯಾಪಕರ ನೆರವಿನಿಂದ ತಿದ್ದಿದ ಚಾಟ್‌ಬಾಟ್ ಸಿಕ್ಕಿತ್ತು. ಅವರಲ್ಲಿ ಈ ಹಾನಿ ಬಹುಪಾಲು ಕಾಣಲಿಲ್ಲ. ಇದು ಶಾಲಾ ಮಕ್ಕಳ ಕಥೆ, ಕಾಲೇಜಿಗೆ ಹೇಗೆ ಹೊಂದುತ್ತದೆ ಎಂದು ಯಾರಾದರೂ ಕೇಳಬಹುದು. ಕಾಲೇಜಿನಲ್ಲಿ ಮೇಲ್ವಿಚಾರಣೆ ಇನ್ನೂ ಕಡಿಮೆ, ಉಪಕರಣವನ್ನು ಯಾವ ರೀತಿ ಬಳಸಬೇಕೆಂಬ ನಿರ್ಧಾರ ಪೂರ್ತಿ ವಿದ್ಯಾರ್ಥಿಯದೇ. ಹಾಗಾಗಿ ಅಪಾಯ ಅಲ್ಲಿ ಕಡಿಮೆಯಾಗುತ್ತದೆಂದು ನಂಬಲು ನನಗೆ ಕಾರಣ ಕಾಣುವುದಿಲ್ಲ.

ಮಾಹಿತಿಯ ನೆಚ್ಚಿಕೆಯನ್ನು ತೂಗುವಾಗಲೂ ಇದೇ ಸರಾಗತನ ಮೋಸ ಮಾಡುತ್ತದೆ. ಸ್ಟ್ಯಾನ್‌ಫರ್ಡ್‌ನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ 45 ಜನರನ್ನು ಕೂರಿಸಿಕೊಂಡು ಅವರು ಜಾಲತಾಣಗಳನ್ನು ಹೇಗೆ ಓದುತ್ತಾರೆಂದು ಗಮನಿಸಿದರು: 10 ಮಂದಿ ಡಾಕ್ಟರೇಟ್ ಪಡೆದ ಇತಿಹಾಸಕಾರರು, 10 ಮಂದಿ ವೃತ್ತಿಪರ ಸತ್ಯಶೋಧಕರು (ಫ್ಯಾಕ್ಟ್-ಚೆಕರ್‌ಗಳು), 25 ಮಂದಿ ಸ್ಟ್ಯಾನ್‌ಫರ್ಡ್‌ನ ಪದವಿ ವಿದ್ಯಾರ್ಥಿಗಳು. ಮುಂದಿಟ್ಟ ಎರಡು ಪುಟಗಳಲ್ಲಿ ಒಂದು 1930ರಲ್ಲಿ ಹುಟ್ಟಿದ ಮಕ್ಕಳ ವೈದ್ಯರ ದೊಡ್ಡ ಸಂಘಟನೆಯದು, ಇನ್ನೊಂದು ಅದರಿಂದ 2002ರಲ್ಲಿ ಸಿಡಿದುಹೋದ ಸಣ್ಣ ಗುಂಪಿನದು. ಹೆಸರುಗಳು ಹೆಚ್ಚುಕಡಿಮೆ ಒಂದೇ ತೆರ. ಸಣ್ಣ ಗುಂಪಿನ ಪುಟ ಅಚ್ಚುಕಟ್ಟಾಗಿ, ಗಂಭೀರವಾಗಿ ಕಾಣುತ್ತಿತ್ತು. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಅದನ್ನೇ ನಂಬಿದರು. ಇತಿಹಾಸಕಾರರಲ್ಲೂ ಅನೇಕರು ಗೊಂದಲಕ್ಕೆ ಬಿದ್ದರು. ಸತ್ಯಶೋಧಕರಲ್ಲಿ ಒಬ್ಬರೂ ಎಡವಲಿಲ್ಲ, ಏಕೆಂದರೆ ಅವರು ಆ ಪುಟವನ್ನು ಓದುತ್ತ ಕೂರಲೇ ಇಲ್ಲ. ಕೂಡಲೇ ಹೊಸ ಟ್ಯಾಬ್ ತೆರೆದು, ಈ ಸಂಸ್ಥೆ ಯಾರದು, ಇದರ ಬಗ್ಗೆ ಬೇರೆಯವರು ಏನನ್ನುತ್ತಾರೆ ಎಂದು ಹುಡುಕಿದರು. ಹೊಸ ಊರಿನಲ್ಲಿ ಮನೆ ಬಾಡಿಗೆಗೆ ಹಿಡಿಯುವಾಗ ಅಕ್ಕಪಕ್ಕದವರನ್ನು ವಿಚಾರಿಸುವ ವಿವೇಕ ಇದು. ಪಾಂಡಿತ್ಯವಿದ್ದೂ ಇತಿಹಾಸಕಾರರು ಹಿಂದೆ ಬಿದ್ದರು, ಇಂಥ ಉಪಕರಣಗಳ ನಡುವೆಯೇ ಬೆಳೆದ ಯುವಕರೂ ಬಿದ್ದರು. ವಯಸ್ಸಿನಿಂದಲೋ ಒಡನಾಟದಿಂದಲೋ ಈ ವಿದ್ಯೆ ತಾನಾಗಿ ಬರುವುದಿಲ್ಲ. ಕಲಿಸಬೇಕು, ಅಭ್ಯಾಸ ಮಾಡಿಸಬೇಕು.

ಈ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಅತ್ಯಂತ ನ್ಯಾಯವಾದದ್ದು ಸೌಲಭ್ಯದ್ದು. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಭಾರತದ ಹಳ್ಳಿಗಳಲ್ಲಿ ಕಂಪ್ಯೂಟರ್ ಇದ್ದ ಮನೆಗಳು ಶೇ. 4.4 ಮಾತ್ರ, ನಗರಗಳಲ್ಲಿ ಶೇ. 23.4. ಆಮೇಲೆ ಮೊಬೈಲ್ ಇಂಟರ್ನೆಟ್ ವೇಗವಾಗಿ ಹರಡಿದ್ದರೂ ಅಂತರ ಅಳಿದಿಲ್ಲ. ಯಂತ್ರವೇ ಇಲ್ಲದವರ ಮುಂದೆ ಅದರ ಮೋಸದ ಬಗ್ಗೆ ಪಾಠ ಹೇಳುವುದು ಯಾವ ನ್ಯಾಯ ಎಂಬ ಪ್ರಶ್ನೆಗೆ ತೂಕವಿದೆ, ಯಂತ್ರವನ್ನು ಒದಗಿಸಲೇಬೇಕು. ಆದರೆ ಅಷ್ಟಕ್ಕೇ ಕಲಿಕೆ ಬರುವುದಿಲ್ಲ ಎಂಬುದನ್ನು ಎಂಐಟಿ ಮತ್ತು ಹಾರ್ವರ್ಡ್‌ನ ಮುಕ್ತ ಆನ್‌ಲೈನ್ ಕೋರ್ಸುಗಳು ತೋರಿಸಿವೆ: 2017-18ರಲ್ಲಿ ಹೆಸರು ನೋಂದಾಯಿಸಿದವರ ಪೈಕಿ ಪೂರ್ತಿ ಮುಗಿಸಿದವರು ಶೇ. 3ರ ಆಸುಪಾಸು. ಇನ್ನೊಂದು ಆಕ್ಷೇಪ, ಎಲ್ಲವೂ ಬೆರಳ ತುದಿಯಲ್ಲಿ ಸಿಗುವಾಗ ನೆನಪಿಟ್ಟುಕೊಳ್ಳುವ ಹಟ ಏಕೆ ಎಂಬುದು. ಯಂತ್ರ ಕೊಟ್ಟ ಉತ್ತರ ಸರಿಯೇ ಎಂದು ತೂಗಲು ತಲೆಯಲ್ಲಿ ಒಂದಿಷ್ಟು ಇರಲೇಬೇಕು. ಶೂನ್ಯದ ಮೇಲೆ ನಿಂತು ಅನುಮಾನ ಕೂಡ ಹುಟ್ಟುವುದಿಲ್ಲ.

ಕರ್ನಾಟಕದಲ್ಲಿ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಡಿ ಪದವಿ ವಿದ್ಯಾರ್ಥಿಗಳಿಗೆ ‘ಡಿಜಿಟಲ್ ಫ್ಲುಯೆನ್ಸಿ’ ಎಂಬ ಪತ್ರಿಕೆ ಬಂತು. ಕೃತಕ ಬುದ್ಧಿಮತ್ತೆ, ಬಿಗ್ ಡೇಟಾ, ಕ್ಲೌಡ್ ಮೊದಲಾದವುಗಳ ಪರಿಚಯಕ್ಕೆ ಅದರಲ್ಲಿ ದೊಡ್ಡ ಜಾಗವಿತ್ತು. ಇವು ಬೇಡವೆಂದಲ್ಲ. ಆದರೆ ಇತಿಹಾಸ ಓದುವ ಹುಡುಗಿಗೆ ಕ್ಲೌಡ್‌ನ ವ್ಯಾಖ್ಯೆಗಿಂತ, ತನ್ನ ವಿಷಯದ ಒಂದು ಹೇಳಿಕೆಯ ಮೂಲವನ್ನು ಬೆನ್ನಟ್ಟಿ ಹಿಡಿಯುವುದು ಗೊತ್ತಾದರೆ ಹೆಚ್ಚು ಬಲ ಬರುತ್ತದೆ. ಕನ್ನಡದಲ್ಲಿ ಓದುವವರಿಗೆ ಇಲ್ಲಿ ಇನ್ನೊಂದು ಅಡಚಣೆಯಿದೆ. ಅಕ್ಕಪಕ್ಕ ವಿಚಾರಿಸಬೇಕಾದರೆ ಅಕ್ಕಪಕ್ಕದಲ್ಲಿ ಯಾರಾದರೂ ಇರಬೇಕು. ಎಷ್ಟೋ ವಿಷಯಗಳಲ್ಲಿ ಹುಡುಕಿದರೆ ಕನ್ನಡದಲ್ಲಿ ಸಿಗುವುದು ಒಂದೆರಡು ಪುಟ, ಅದೂ ಒಂದರ ನಕಲು ಇನ್ನೊಂದು. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿದ್ಯಾರ್ಥಿಗಳಿಂದ ಕನ್ನಡ ವಿಕಿಪೀಡಿಯಕ್ಕೆ ಲೇಖನ ಬರೆಸುವ ಕಾರ್ಯಕ್ರಮ ನಡೆದದ್ದು ಈ ಕಾರಣಕ್ಕೆ ನನಗೆ ಬಹಳ ಮುಖ್ಯವೆನಿಸುತ್ತದೆ. ಅಲ್ಲಿ ಪ್ರತಿ ಹೇಳಿಕೆಗೂ ಆಧಾರ ಕೊಡಬೇಕು, ಕೊಡದಿದ್ದರೆ ಬೇರೆಯವರು ಪ್ರಶ್ನಿಸುತ್ತಾರೆ. ವಿದ್ಯಾರ್ಥಿ ತಡವರಿಸುತ್ತಾನೆ, ಹುಡುಕುತ್ತಾನೆ, ತಿದ್ದುತ್ತಾನೆ, ಮುಂದಿನವರಿಗೆ ವಿಚಾರಿಸಲು ಒಂದು ಪುಟ ಹೆಚ್ಚಾಗುತ್ತದೆ. ಆಂತರಿಕ ಮೌಲ್ಯಮಾಪನದ ಒಂದಿಷ್ಟು ಅಂಕಗಳನ್ನು ಇಂಥ ಕೆಲಸಕ್ಕೆ ಇಡಲು ಹೊಸ ಲ್ಯಾಬ್ ಬೇಕಿಲ್ಲ, ದುಬಾರಿ ಸಾಫ್ಟ್‌ವೇರೂ ಬೇಕಿಲ್ಲ. ಬೇಕಾಗುವುದು ಬರೆದದ್ದನ್ನು ಕೂತು ಓದಿ ‘ಇದಕ್ಕೆ ಆಧಾರವೇನು’ ಎಂದು ಕೇಳುವ ಉಪನ್ಯಾಸಕರ ಸಮಯ. ಅತಿಥಿ ಉಪನ್ಯಾಸಕರನ್ನೇ ನೆಚ್ಚಿ ನಡೆಯುತ್ತಿರುವ ನಮ್ಮ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಬಜೆಟ್ ಮೊದಲು ಒದಗಿಸಬೇಕಾದದ್ದು ಅದನ್ನು.