ಅಸಲಿ ಸಾಮಾನು ಎಲ್ಲಿ ಸಿಗ್ತದ್ರಿ?

ಬೀದರಿನ ನೌಬಾದ್ ಕಡೆಯ ಒಂದು ಗ್ಯಾರೇಜಿನಲ್ಲಿ ಹಳೆಯ ಡಾಲ್ಡಾ ಡಬ್ಬಿಯೊಂದಿದೆ. ಮೇಲಿನ ತಾಳೆಮರ ಅರ್ಧ ಅಳಿಸಿದೆ. ಒಳಗೆ ಗ್ರೀಸ್ ಮೆತ್ತಿದ ನಟ್ಟು, ವಾಷರ್, ಸರ್ಕ್ಲಿಪ್, ಒಂದೆರಡು ಜೆಟ್ಟು, ಮೊಳೆಯಂಥ ಒಂದು ಕೀಲಿ. ಎಲ್ಲ ಜಾವಾ, ಯೆಜ್ಡಿ ಬೈಕುಗಳವು. ಗ್ಯಾರೇಜಿನ ಚಾಚಾ ಇವನ್ನು ಕೊಡುವುದುಂಟು, ಮಾರುವುದಿಲ್ಲ. ಕೊಟ್ಟಾಗಲೂ ಒಂದು ಷರತ್ತು: ನಿಮ್ಮ ಗಾಡಿಯಿಂದ ಬಿಚ್ಚಿದ ಸವೆದ ತುಂಡನ್ನು ಅದೇ ಡಬ್ಬಿಗೆ ಹಾಕಿ ಹೋಗಬೇಕು. ಸವೆದದ್ದು ಯಾಕೆ ಚಾಚಾ ಎಂದು ಕೇಳಿದೆ. "ಅಳತಿ ನೋಡ್ಲಾಕ ಬೇಕಲ್ರಿ. ಅಳತಿ ಹೋಯ್ತಂದ್ರ ಸಾಮಾನೇ ಹೋದಂಗ" ಎಂದರು.

ನಾನು ಆ ಡಬ್ಬಿಯ ಮುಂದೆ ಕೂತದ್ದು ಭಾಲ್ಕಿಯ ನಮ್ಮ ಕಾಕಾನ ಯೆಜ್ಡಿ ರೋಡ್‌ಕಿಂಗ್ ದೆಸೆಯಿಂದ. ಭಾಲ್ಕಿಗೆ ಕೆಎ-39 ಎಂಬ ನಂಬರು ಬರುವುದಕ್ಕೆ ಎಷ್ಟೋ ಮೊದಲಿನ ಗಾಡಿ. ಕಾಕಾ ಹೋದ ಮೇಲೆ ಅದು ಹೊಲದ ಮನೆಯಲ್ಲಿ ತೊಗರಿ ಕಟ್ಟಿಗೆಯ ಹಿಂದೆ ನಿಂತೇ ಉಳಿಯಿತು. ಏರ್ ಫಿಲ್ಟರಿನಲ್ಲಿ ಇಲಿ ಸಂಸಾರ ಹೂಡಿತ್ತು. ಟ್ಯಾಂಕಿನ ತಳ ತುಕ್ಕು ತಿಂದು ಜರಡಿಯಾಗಿತ್ತು. ಎಬ್ಬಿಸಿ ನಿಲ್ಲಿಸೋಣ ಎಂದುಕೊಂಡೆ. ಮೂರು ತಿಂಗಳಲ್ಲಿ ಆದೀತು ಅಂತ ಮನೆಯಲ್ಲಿ ಹೇಳಿದ್ದೆ. ಆ ಮಾತನ್ನು ಈಗ ಯಾರಾದರೂ ನೆನಪಿಸಿದರೆ ಸಿಟ್ಟು ಬರುತ್ತದೆ.

ಸಾಮಾನು ಯಾಕೆ ಸಿಗುವುದಿಲ್ಲ ಎಂಬುದು ತಿಳಿಯಬೇಕಾದರೆ ಅದು ಎಲ್ಲಿಂದ ಬರುತ್ತಿತ್ತು ಎಂಬುದನ್ನು ನೋಡಬೇಕು. ಜಾವಾ ಎಂಬ ಹೆಸರೇ ಎರಡು ತುಂಡು ಜೋಡಿಸಿ ಮಾಡಿದ್ದು. 1929ರಲ್ಲಿ ಜೆಕೊಸ್ಲೊವಾಕಿಯಾದ ಫ್ರಾಂಟಿಶೆಕ್ ಯಾನೆಚೆಕ್ ಎಂಬಾತ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟರ್ ಸೈಕಲ್ ಮಾಡುವ ಹಕ್ಕು ಕೊಂಡ. ತನ್ನ ಹೆಸರಿನ ಮೊದಲೆರಡು ಅಕ್ಷರ, ಅವರ ಹೆಸರಿನ ಮೊದಲೆರಡು ಅಕ್ಷರ ಕೂಡಿಸಿದ. ಮುಂಬೈಯಲ್ಲಿ ಈ ಬೈಕುಗಳನ್ನು ಆಮದು ಮಾಡಿ ಮಾರುತ್ತಿದ್ದವರು ಇರಾನಿ ಮನೆತನದವರು. 1950ರ ದಶಕದಲ್ಲಿ ಸರ್ಕಾರ ಆಮದಿಗೆ ಕಡಿವಾಣ ಹಾಕಿದಾಗ ಇಲ್ಲಿಯೇ ಮಾಡೋಣ ಎಂದು ರುಸ್ತುಂ ಇರಾನಿ, ಫರೋಖ್ ಇರಾನಿ ಹೊರಟರು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಎದ್ದಿತು. 1961ರಲ್ಲಿ ಅದನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರು. ನಿಜಾಮರ ಹೈದರಾಬಾದ್ ಸೀಮೆಯಲ್ಲಿದ್ದ ಬೀದರ್ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿ ಐದು ವರ್ಷವಾಗಿತ್ತಷ್ಟೆ. ರಾಜ್ಯದ ಆ ತುದಿಯಲ್ಲಿ ತಯಾರಾದ ಬೈಕು ಈ ತುದಿಯ ಔರಾದಿನ ತನಕ ಬಂದದ್ದನ್ನು ನಾನು ಏಕೀಕರಣದ ಲೆಕ್ಕಕ್ಕೇ ಹಚ್ಚುತ್ತೇನೆ. ಮೈಸೂರಿನ ಮಾಲು, ಹೈದರಾಬಾದಿ ಉರ್ದುವಿನಲ್ಲಿ ರಿಪೇರಿ, ಕನ್ನಡದಲ್ಲಿ ಬೈಗುಳ.

1970ರ ದಶಕದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಬಂತು. ಯೆಜ್ಡಿ ಎಂದರೆ ಇರಾನಿನ ಯಜ್ದ್ ಊರಿನವ. ಬೀದರಿನವರಿಗೆ ಇದು ಹೊಸತಲ್ಲ. ನಮ್ಮ ಬಹಮನಿ ವಜೀರ ಮಹಮೂದ್ ಗವಾನನೂ ಇರಾನಿನ ಗಿಲಾನ್ ಸೀಮೆಯಿಂದ ಬಂದವನೇ. 1978ರಲ್ಲಿ ರೋಡ್‌ಕಿಂಗ್ ಬಂತು. ಒಂದೇ ಸಿಲಿಂಡರ್, ಎರಡು ಸೈಲೆನ್ಸರ್, ಹದಿನಾರು ಕುದುರೆ ಶಕ್ತಿ. ಚೆನ್ನೈ ಹತ್ತಿರದ ಶೋಲಾವರಂ ಪಂದ್ಯಗಳಲ್ಲಿ ಯೆಜ್ಡಿಗಳು ಓಡಿ ಹೆಸರು ಮಾಡಿದವು. ಶ್ರೀಮಂತರಿಗೆ ಸ್ಪೋರ್ಟ್ಸ್ ಕಾರು ಏನೋ ನಮ್ಮ ಕಡೆಯ ಹುಡುಗರಿಗೆ ರೋಡ್‌ಕಿಂಗ್ ಅದು.

ಆಮೇಲೆ ಜಪಾನಿನವರು ಬಂದರು. 1985ರಲ್ಲಿ ಹೀರೊ ಹೋಂಡಾ, ಅದೇ ವರ್ಷ ಯಮಹಾ ಆರ್‌ಎಕ್ಸ್ 100. ಕಡಿಮೆ ಪೆಟ್ರೋಲು, ಕಡಿಮೆ ತೂಕ. ಹೊಗೆಯ ನಿಯಮಗಳೂ ಬಿಗಿಯಾದವು. 1996ರಲ್ಲಿ ಮೈಸೂರಿನ ಬಾಗಿಲು ಮುಚ್ಚಿತು.

ಕಾರ್ಖಾನೆ ಮುಚ್ಚಿದ ದಿನವೇ ಸಾಮಾನು ತೀರಲಿಲ್ಲ. ಡೀಲರುಗಳ ಕಪಾಟಿನಲ್ಲಿ ಮಾಲು ಇತ್ತು. ಕೊಳ್ಳುವವರೇ ಇರಲಿಲ್ಲ. ಯೆಜ್ಡಿ ಎಂದರೆ ಆಗ ಹಾಲಿನ ಕ್ಯಾನು ಹೊರುವ ಗಾಡಿ, ಊರ ಹೊರಗೆ ಬಿಟ್ಟ ಎತ್ತು. ಅಂಗಡಿಯವರು ಜಾಗ ಖಾಲಿ ಮಾಡಲು ಎಷ್ಟೋ ಪಿಸ್ಟನ್ನು, ಕನೆಕ್ಟಿಂಗ್ ರಾಡುಗಳನ್ನು ಮೇಣಕಾಗದ ಬಿಚ್ಚದೆಯೇ ಕಬಾಡಿಗೆ ತೂಗಿಬಿಟ್ಟರು. ಮೆಚ್ಚುವ ಮಂದಿ ಹುಟ್ಟಿಕೊಂಡದ್ದು ಆಮೇಲೆ. ಕ್ಲಬ್ಬುಗಳು ಆದವು, ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ ಎಂದಾಯಿತು. ತೂಕಕ್ಕೆ ಹೋದ ಮಾಲಿಗೆ ಚಿನ್ನದ ರೇಟು ಬಂತು. ರೇಟು ಬಂದ ಕೂಡಲೇ ನಕಲಿಯೂ ಬಂತು.

ಇಂಗ್ಲೆಂಡಿನ ಎಂಜಿ ಸ್ಪೋರ್ಟ್ಸ್ ಕಾರು ಕಟ್ಟುವವರ ಭಾಗ್ಯ ಬೇರೆ. ಅಲ್ಲಿ ಬ್ರಿಟಿಷ್ ಮೋಟರ್ ಹೆರಿಟೇಜ್ ಎಂಬ ಸಂಸ್ಥೆ ಹಳೆಯ ಕಾರ್ಖಾನೆಯ ಅಚ್ಚುಗಳನ್ನೇ ಉಳಿಸಿಕೊಂಡು 1988ರಿಂದ ಎಂಜಿ-ಬಿ ಕಾರಿನ ಇಡೀ ಮೈಯನ್ನೇ ಹೊಸದಾಗಿ ಒತ್ತಿ ಮಾರುತ್ತಿದೆ. ಪುಸ್ತಕ ತೆರೆದು ಪಾರ್ಟ್ ನಂಬರ್ ಹೇಳಿದರೆ ಸಾಮಾನು ಮನೆಗೆ ಬರುತ್ತದೆ. ನಮ್ಮಲ್ಲಿ ಪಾರ್ಟ್ ನಂಬರ್ ಇರುವುದು ಚಾಚಾನ ಬೆರಳ ತುದಿಯಲ್ಲಿ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರು ಮತ್ತೆ ರಸ್ತೆಗೆ ಬಂದವು, ನಿಜ. ಆದರೆ ಅವು ಫೋರ್ ಸ್ಟ್ರೋಕ್ ಎಂಜಿನ್ನಿನ, ನೀರಿನಿಂದ ತಂಪಾಗುವ ಗಾಡಿಗಳು. ಹಳೆಯದಕ್ಕೆ ಅವುಗಳ ಒಂದು ಬೋಲ್ಟೂ ಆಸರೆಯಲ್ಲ.

ಬೋಲ್ಟಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ನಾನು ಮೊದಲು ಕೆಟ್ಟದ್ದು ಅಲ್ಲಿಯೇ. ಹಳೆಯ ಬುಲೆಟ್ಟಿನದು ಇಂಚಿನ ಲೆಕ್ಕ, ಜಾವಾದ್ದು ಮಿಲಿಮೀಟರ್ ಲೆಕ್ಕ. ಕಾಲಿಂಚಿನ ಬೋಲ್ಟು ಎಂದರೆ 6.35 ಮಿ.ಮೀ., ಜಾವಾ ಬಯಸುವುದು 6. ಕಣ್ಣಿಗೆ ಎರಡೂ ಒಂದೇ. ಗ್ಯಾರೇಜುಗಳ ಒಂದೇ ಡಬ್ಬಿಯಲ್ಲಿ ಎರಡೂ ಕಲೆತಿರುತ್ತವೆ. ಬುಲೆಟ್ಟಿನ ಬೋಲ್ಟು ಜಾವಾದ ಅಲ್ಯುಮಿನಿಯಂ ಕೇಸಿಂಗಿಗೆ ಒಂದು ಸುತ್ತು ಹಿಡಿಯುತ್ತದೆ. ಪಾನಾ ಹಾಕಿ ಒತ್ತಿದರೆ ಇನ್ನೆರಡು ಸುತ್ತು ಹೋಗುತ್ತದೆ. ಅಷ್ಟರಲ್ಲಿ ಒಳಗಿನ ಚೂಡಿಯೆಲ್ಲ ಕಿತ್ತು ಬೂದಿಯಂತೆ ಉದುರುತ್ತದೆ. ಆರು ರೂಪಾಯಿ ಬೋಲ್ಟಿಗಾಗಿ ಕೇಸಿಂಗನ್ನು ಲೇತಿಗೆ ಹೊತ್ತುಕೊಂಡು ಹೋದೆ.

ಬೇರಿಂಗಿನ ವಿಷಯದಲ್ಲಿ ಮಾತ್ರ ಜಗತ್ತು ನ್ಯಾಯವಾಗಿದೆ. ಬೇರಿಂಗಿನ ಅಂಚಿನಲ್ಲಿ ಕೆತ್ತಿದ ಅಂಕಿಯೇ ಅದರ ಜಾತಕ. 6305 ಎಂದಿದ್ದರೆ ಒಳವ್ಯಾಸ 25, ಹೊರವ್ಯಾಸ 62, ದಪ್ಪ 17 ಮಿ.ಮೀ.; ಜಪಾನಿನಲ್ಲಿ ಮಾಡಿದರೂ ಅಷ್ಟೇ, ಜೈಪುರದಲ್ಲಿ ಮಾಡಿದರೂ ಅಷ್ಟೇ. ಸಿಕಂದರಾಬಾದಿನ ರಾಣಿಗಂಜಿಗೆ ಹೋಗಿ ನಂಬರು ಹೇಳಿದರೆ ಐದು ನಿಮಿಷದ ಕೆಲಸ. ಆದರೂ ಒಂದು ಕೊಕ್ಕೆ ಇದೆ. ನಂಬರಿನ ಮುಂದೆ ಸಿ3 ಎಂದು ಸಣ್ಣದಾಗಿ ಬರೆದದ್ದು ಬೇರೆ, ಬರೆಯದ್ದು ಬೇರೆ. ಸಿ3 ಬೇರಿಂಗಿನ ಗುಂಡುಗಳಿಗೂ ಬಳೆಗಳಿಗೂ ನಡುವೆ ತುಸು ಹೆಚ್ಚು ಸಡಿಲ ಇರುತ್ತದೆ. ಕಾದು ಹಿಗ್ಗುವ ಎಂಜಿನ್ನಿಗೆ ಅದು ಬೇಕು, ಫ್ಯಾನಿನ ಮೋಟರಿಗೆ ಬೇಡ. ಆಯಿಲ್ ಸೀಲಿಗೂ ಹೀಗೆ ಮೂರು ಅಂಕಿ: ಶಾಫ್ಟ್ ಎಷ್ಟು, ಗೂಡು ಎಷ್ಟು, ದಪ್ಪ ಎಷ್ಟು. ಮೂರೂ ಸರಿ ಇದ್ದರೆ ಯಾವ ಗಾಡಿಯ ಹೆಸರನ್ನೂ ಹೇಳುವ ಅಗತ್ಯವಿಲ್ಲ. ಹೆಸರು ಹೇಳಿದರೆ ರೇಟು ಏರುತ್ತದೆ, ಇದು ನನ್ನ ಅನುಭವ. ಅದಕ್ಕೇ ರಾಣಿಗಂಜಿನಲ್ಲಿ ಯೆಜ್ಡಿ ಎಂಬ ಶಬ್ದ ಎತ್ತಬೇಡಿ.

ಪಿಸ್ಟನ್ನಿನ ಕತೆ ಬೇರೆ. ಜಾವಾ ಸಿಲಿಂಡರಿನ ವ್ಯಾಸ 65 ಮಿ.ಮೀ. ಸವೆದಂತೆಲ್ಲ ಕಾಲು ಮಿಲಿಮೀಟರಿನ ಲೆಕ್ಕದಲ್ಲಿ ಬೋರ್ ಮಾಡಿಸುತ್ತ, ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ ಹಾಕುತ್ತ ಹೋಗಬೇಕು. ಒಂದು ಅಂಗಡಿಯಲ್ಲಿ ಕಂಪನಿ ಮಾಲು ಎಂದು ಕೊಟ್ಟರು. ಡಬ್ಬ ಹಳೆಯದು, ಮುದ್ರೆ ಹಳೆಯದು, ಒಳಗಿನ ಪಿಸ್ಟನ್ ಹೊಸ ನಕಲಿ ಎಂಬುದು ಆಗ ತಿಳಿಯಲಿಲ್ಲ. ಚಾಚಾ ಅದನ್ನು ಅಂಗೈಯಲ್ಲಿಟ್ಟು ತೂಗಿ ನೋಡಿ, "ಡಬ್ಬಿ ಖರೇ ಅದ, ಮಾಲು ಸುಳ್ಳು ಅದ" ಎಂದಿದ್ದರು. ಕೇಳಲಿಲ್ಲ. ಬೀದರಿನಿಂದ ಭಾಲ್ಕಿಗೆ ಹೊರಟವನು ಹಲಬರ್ಗಾ ದಾಟುವಾಗ ಹಿಂದಿನ ಚಕ್ರ ಒಮ್ಮೆಲೇ ಹಿಡಿದುಕೊಂಡಿತು. ಕ್ಲಚ್ ಒತ್ತಿದ್ದರಿಂದ ಕೈಕಾಲು ಉಳಿದವು. ಬಿಚ್ಚಿ ನೋಡಿದರೆ ಪಿಸ್ಟನ್ನಿನ ಮೈತುಂಬ ಉದ್ದಕ್ಕೆ ಗೀರು, ಕಬ್ಬಿನ ಗಾಣದಿಂದ ಬಂದ ಸಿಪ್ಪೆಯ ಹಾಗೆ. ಕಾರಣ ಸರಳ. ಪಿಸ್ಟನ್ನಿಗೂ ಸಿಲಿಂಡರಿಗೂ ನಡುವೆ ಕೂದಲೆಳೆಯಷ್ಟೇ ಸಂದು. ಅಲ್ಯುಮಿನಿಯಂನಲ್ಲಿ ಸಿಲಿಕಾನ್ ಸಾಕಷ್ಟು ಬೆರೆಸಿದ್ದರೆ ಅದು ಕಾದಾಗ ಕಡಿಮೆ ಹಿಗ್ಗುತ್ತದೆ, ಬೆರೆಸದಿದ್ದರೆ ಹೆಚ್ಚು. ಅಸಲಿ ಪಿಸ್ಟನ್ನಿಗೆಂದು ಬಿಟ್ಟ ಸಂದು ನಕಲಿಗೆ ಸಾಲಲಿಲ್ಲ. ಅಳತೆ ಸರಿಯಿತ್ತು, ಲೋಹ ತಪ್ಪಾಗಿತ್ತು.

ಲೋಹದ ಮಾತು ಬಂದದ್ದಕ್ಕೆ ಇನ್ನೊಂದು. ಕಾರ್ಬುರೇಟರಿನ ಒಂದು ಕಿವಿ ಮುರಿದಿತ್ತು. ಗ್ಯಾಸ್ ವೆಲ್ಡಿಂಗ್ ಮಾಡುವವನು ಕೈ ಹಚ್ಚಲಿಲ್ಲ. ಬೆಂಕಿ ತೋರಿಸಿದರೆ ಕರಗಿ ನೀರಾಗುತ್ತದೆ ಎಂದ. ಬೀದರಿನ ಚೌಬಾರದ ಆಚೆ ಬಿದ್ರಿ ಕೆಲಸ ಮಾಡುವ ಪರಿಚಯದ ಕಾರೀಗರರೊಬ್ಬರಿಗೆ ತೋರಿಸಿದೆ. ಅವರು ಅರದಿಂದ ಒಮ್ಮೆ ಉಜ್ಜಿ, ಬೆಳಕಿಗೆ ಹಿಡಿದು, "ಇದು ನಮ್ಮ ಜಸ್ತಾನೇ ಅದಲ್ರಿ" ಎಂದರು. ಜಸ್ತಾ ಎಂದರೆ ಸತು. ಬಿದ್ರಿಯ ಹೂದಾನಿಗೆ ಅವರು ಎರೆಯುವುದು ಸತುವಿಗೆ ಸ್ವಲ್ಪ ತಾಮ್ರ ಕೂಡಿಸಿದ ಮಿಶ್ರಣ. ಕಾರ್ಬುರೇಟರುಗಳನ್ನು ಅಚ್ಚು ಹಾಕುವುದೂ ಬಹುಮಟ್ಟಿಗೆ ಸತುವಿನ ಮಿಶ್ರಲೋಹದಲ್ಲಿಯೇ. ನನಗೆ ಖುಷಿಯಾಯಿತು, ಹಾಗಾದರೆ ನೀವೇ ಒಂದು ಎರೆದು ಕೊಡಿ ಎಂದೆ. ಅವರು ನಕ್ಕರು. ಮರಳಿನ ಅಚ್ಚಿನಲ್ಲಿ ಆಕಾರ ಬಂದೀತು, ಪೆಟ್ರೋಲು ಹರಿಯುವ ಸೂಜಿ ರಂಧ್ರಗಳು ಬರುವುದಿಲ್ಲ, ಹೂದಾನಿಯಾದರೆ ಸೋರಿದರೂ ನಡೆಯುತ್ತದೆ ಎಂದರು. ಮುರಿದ ಕಿವಿಗೆ ಹೊರಗಿನಿಂದ ಒಂದು ಹಿತ್ತಾಳೆ ಪಟ್ಟಿ ಕಟ್ಟಿ, ಎರಡು ಸಣ್ಣ ಸ್ಕ್ರೂ ಬಿಗಿದು ಕೊಟ್ಟರು. ಆ ಪಟ್ಟಿ ಈಗಲೂ ಇದೆ. ಅಸಲಿ ಅಲ್ಲ, ಆದರೆ ಸರಿಯಾಗಿದೆ. ಈ ಎರಡರ ಅಂತರ ನನಗೆ ತಿಳಿದದ್ದು ಅವರ ಕಟ್ಟೆಯ ಮೇಲೆ ಕೂತಾಗ.

ಕಾರ್ಬುರೇಟರಿನ ಜೆಟ್ಟನ್ನು ತಂತಿ ಹಾಕಿ ಕೆರೆಯುವ ಚಾಳಿ ನಮ್ಮ ಕಡೆ ಬಹಳ. ದಯವಿಟ್ಟು ಬೇಡ. ಜೆಟ್ಟಿನ ಮೇಲಿನ ಅಂಕಿ ಅದರ ತೂತಿನ ಅಳತೆಯ ಗುರುತು. ಹತ್ತು ಸಲ ತಂತಿ ಆಡಿಸಿದ ಮೇಲೆ ಆ ಅಂಕಿ ಸುಳ್ಳಾಗುತ್ತದೆ, ಪ್ಲಗ್ಗು ಕಪ್ಪಾಗುತ್ತದೆ, ಮಿಸ್ತ್ರಿ ಕಾಯಿಲ್ ಬದಲಿಸು ಎನ್ನುತ್ತಾನೆ.

ಔರಾದಿನಲ್ಲಿ ಸಿಕ್ಕದ್ದು ಕಿಕ್ಕರ್. ಜಾವಾ, ಯೆಜ್ಡಿಗಳಲ್ಲಿ ಗೇರಿನ ಕಡ್ಡಿಯೇ ಕಿಕ್ಕರ್ ಕೂಡ. ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್, ಇಳಿಸಿದರೆ ಗೇರು. ಎರಡು ಕೆಲಸ ಮಾಡುವುದರಿಂದ ಅದರ ಒಳಹಲ್ಲುಗಳ ಮೇಲೆ ಎರಡು ಪಟ್ಟು ಭಾರ. ನಕಲಿಯ ಉಕ್ಕು ಮೆತ್ತಗಿರುತ್ತದೆ, ವರ್ಷದೊಳಗೆ ಹಲ್ಲು ಉದುರಿ ಮುದುಕನಾಗುತ್ತದೆ. ನಾನು ಅಂಥ ಎರಡು ಕೊಂಡು ಕೈಬಿಟ್ಟಿದ್ದೆ. ಅಮರೇಶ್ವರ ಗುಡಿಗೆ ಹೋಗಿ ಬರುವಾಗ ದಾರಿಯ ಕಬಾಡಿಯವನಲ್ಲಿ ಸುಮ್ಮನೆ ಇಣುಕಿದೆ. ಪಂಪ್‌ಸೆಟ್ಟಿನ ಚೂರು, ಸೋಯಾ ರಾಶಿ ಮಾಡುವ ಮಷೀನಿನ ಜಾಲರಿ, ಇವುಗಳ ನಡುವೆ ಒಡೆದ ಯೆಜ್ಡಿ ಕೇಸಿಂಗು, ಅದಕ್ಕೆ ಅಂಟಿಕೊಂಡೇ ಇದ್ದ ಕಿಕ್ಕರ್. ಹಲ್ಲುಗಳು ಎಣಿಸಿದಷ್ಟೂ ಇದ್ದವು. ಮರಾಠಿಯಲ್ಲಿ ರೇಟು ಕೇಳಿದೆ, ಆತ ಕನ್ನಡದಲ್ಲಿ ತಕ್ಕಡಿ ತೋರಿಸಿದ. ಅರವತ್ತು ರೂಪಾಯಿ. ಚೌಕಾಸಿ ಮಾಡಲಿಲ್ಲ; ಅದರ ಬೆಲೆ ಏನೆಂದು ಹೇಳಲೂ ಇಲ್ಲ. ಆ ಪಾಪ ನನ್ನ ಮೇಲಿರಲಿ.

ಸರ್ಕಾರದ ಲೆಕ್ಕದಲ್ಲಿಯೂ ಈಗ ಅಸಲಿತನಕ್ಕೆ ಬೆಲೆ ಬಂದಿದೆ. 2021ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಕಾರು, ಬೈಕುಗಳು ವಿಂಟೇಜ್ ಎನಿಸಿಕೊಳ್ಳುತ್ತವೆ. ನಂಬರ್ ಪ್ಲೇಟಿನಲ್ಲಿ ರಾಜ್ಯದ ಗುರುತಿನ ನಂತರ ವಿಎ ಎಂಬ ಅಕ್ಷರ ಬರುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ. ಚಾಸಿ, ಮೈಕಟ್ಟು, ಎಂಜಿನ್ನು ಮೂಲದ್ದೇ ಇರಬೇಕು, ದೊಡ್ಡ ಬದಲಾವಣೆ ಆಗಿರಬಾರದು. 1960ರ ದಶಕದ ಜಾವಾ ಯಾರಲ್ಲಾದರೂ ಇದ್ದರೆ ಅರ್ಜಿ ಹಾಕಬಹುದು. ಕಾಕಾನ ರೋಡ್‌ಕಿಂಗಿಗೆ ಇನ್ನೂ ವಯಸ್ಸಾಗಿಲ್ಲ.

ಕೊನೆಗೆ ಬಣ್ಣದ ಪ್ರಶ್ನೆ ಬಂತು. ಮಿಂಚುವ ಹಾಗೆ ಮಾಡಿಸು, ಕ್ರೋಮ್ ಹಾಕಿಸು ಎಂದು ಮನೆಯವರೆಲ್ಲ ಹೇಳಿದರು. ನನಗೆ ಬೀದರಿನಲ್ಲಿಯೇ ಇರುವ ಗವಾನನ ಮದರಸಾ ನೆನಪಾಯಿತು. 1472ರಲ್ಲಿ ಕಟ್ಟಿದ ಅದು ಔರಂಗಜೇಬನ ಕಾಲದಲ್ಲಿ ಮದ್ದು ಸಿಡಿದು ಅರ್ಧ ಕುಸಿಯಿತು. ಇಂದಿಗೂ ಒಂದೇ ಮಿನಾರು. ಇನ್ನೊಂದನ್ನು ಯಾರೂ ಹೊಸದಾಗಿ ಕಟ್ಟಿ ನಿಲ್ಲಿಸಲಿಲ್ಲ. ಉಳಿದ ಗೋಡೆಯಲ್ಲಿ ಉಳಿದಷ್ಟು ಬಣ್ಣದ ಹೆಂಚನ್ನೇ ಕಾಪಾಡಿಕೊಂಡು ಬಂದಿದ್ದಾರೆ. ನಾನೂ ಟ್ಯಾಂಕಿನ ತಳವನ್ನಷ್ಟೇ ಕತ್ತರಿಸಿ ಹೊಸ ತಗಡು ಹಾಕಿಸಿದೆ. ಮೇಲ್ಮೈಯಲ್ಲಿ ಕಾಕಾನ ಮೊಣಕಾಲು ಉಜ್ಜಿ ಬಣ್ಣ ಹೋದ ಜಾಗವನ್ನು ಹಾಗೆಯೇ ಬಿಟ್ಟಿದ್ದೇನೆ.

ಗಾಡಿ ಈಗ ಓಡುತ್ತದೆ, ಸ್ಪೀಡೋಮೀಟರ್ ಮಾತ್ರ ಇಲ್ಲ. ಹೆಡ್‌ಲೈಟಿನ ಮೇಲೆ ಒಂದು ಖಾಲಿ ತೂತು, ಮಳೆ ಬಂದರೆ ಪ್ಲಾಸ್ಟಿಕ್ ಚೀಲ ಕಟ್ಟುತ್ತೇನೆ. ಭಾಲ್ಕಿ, ಔರಾದ್, ಕಮಲನಗರದ ಕಡೆ ನಿಮ್ಮ ಮನೆಯ ಅಟ್ಟದಲ್ಲೋ ಕೊಟ್ಟಿಗೆಯಲ್ಲೋ ಹಳೆಯ ಯೆಜ್ಡಿಯ ತುಂಡು ಏನೇ ಇದ್ದರೂ ತಕ್ಕಡಿಗೆ ಹಾಕುವ ಮೊದಲು ಯಾವುದಾದರೂ ಹಳೆಯ ಮಿಸ್ತ್ರಿಗೆ ಒಮ್ಮೆ ತೋರಿಸಿ. ಮುರಿದಿದ್ದರೂ ಸರಿ, ಅಳತೆ ತೆಗೆಯಲು ಬರುತ್ತದೆ.