ತಾತನ ಫೋಟೋ, ನನ್ನ ಬ್ಯಾಕಪ್ಪು

ಭಾನುವಾರ ಬೆಳಿಗ್ಗೆ ಆಂಡರ್ಸನ್‌ಪೇಟೆಯ ಮನೆಯಲ್ಲಿ ಇಡ್ಲಿ ತಿನ್ನುತ್ತಾ ಕೂತಿದ್ದೆ. ಅಪ್ಪ ತಮ್ಮ ಫೋನ್ ಮುಂದೆ ಹಿಡಿದರು. "ಏನೋ ಇದು, ತಾತನ ಸೈಟ್ ತೆಗೆದ್ರೆ ಯಾವ್ದೋ ಜೂಜಿನ ಜಾಹೀರಾತು ಬರ್ತಿದೆ?"

ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು. ಮೂರು ಕಿಲೋಮೀಟರ್‌ಗೂ ಹೆಚ್ಚು ಆಳ ಇಳಿದಿದ್ದ ಗಣಿ ಅದು. 2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರಿನ ರೂಮ್ ಬಿಟ್ಟು ಊರಿಗೆ ಬಂದಾಗ ಅವರ ನೆನಪುಗಳಿಗೆಂದೇ ಒಂದು ವರ್ಡ್‌ಪ್ರೆಸ್ ಸೈಟ್ ಮಾಡಿದೆ. ಹಳೇ ಫೋಟೋದಲ್ಲಿ ಯಾರ್‍ಯಾರು ಇದ್ದಾರೆ ಅಂತ ತಾತ ಹೇಳ್ತಾ ಹೋದರು, ನಾನು ನೇರವಾಗಿ ಸೈಟಿನಲ್ಲೇ ಟೈಪ್ ಮಾಡಿದೆ. ಬೇರೆಲ್ಲೂ ಬರೆದಿಡಲಿಲ್ಲ. ಮರುವರ್ಷ ತಾತ ತೀರಿಕೊಂಡರು.

ಆಫೀಸಿನಲ್ಲಿ ಸರ್ವರ್‌ಗಳನ್ನು ಅಪ್‌ಡೇಟ್ ಮಾಡೋದೇ ನನ್ನ ಕೆಲಸ. ಸ್ವಂತ ಸೈಟಿಗೆ ಮಾತ್ರ "ಮುಂದಿನ ವಾರ". ಹಿಂದೊಮ್ಮೆ ಅಪ್‌ಡೇಟ್ ಒತ್ತಿದಾಗ ಇಡೀ ಪುಟ ಬಿಳಿಯಾಗಿತ್ತು, ಆ ಭಯ ಬೇರೆ. ಹಾಗೇ 19 ಪ್ಲಗಿನ್‌ಗಳು ಹಳತಾದವು.

ಕಳ್ಳ ನುಗ್ಗಿದ್ದು ಒಂದು ಹಳೇ ಫೋಟೋ ಗ್ಯಾಲರಿ ಪ್ಲಗಿನ್ ಮೂಲಕ. ಅದನ್ನು ಆಫ್ ಮಾಡಿದ್ದೆ, ಡಿಲೀಟ್ ಮಾಡಿರಲಿಲ್ಲ. ಆಫ್ ಮಾಡಿದರೂ ಫೈಲುಗಳು ಸರ್ವರ್‌ನಲ್ಲೇ ಇರುತ್ತವೆ. ಬರಹಗಳನ್ನೆಲ್ಲ ಅಳಿಸಿ ಜಾಹೀರಾತು ತುಂಬಿದ್ದರು. ಬ್ಯಾಕಪ್ ಇತ್ತು, ಆದರೆ ಕೊನೆಯ ಏಳು ದಿನದ್ದು ಮಾತ್ರ. ಸೈಟ್ ಕೆಟ್ಟು ಎರಡು ವಾರ ಆಗಿತ್ತು!

ಹಳೇ ಲ್ಯಾಪ್‌ಟಾಪ್‌ನಲ್ಲಿ ಒಂದು ಪ್ರತಿ ಸಿಕ್ಕಿತು. ತಾತ ಕೊನೆಯ ಎರಡು ತಿಂಗಳಲ್ಲಿ ಹೇಳಿದ್ದು ಅದರಲ್ಲಿ ಇರಲಿಲ್ಲ. ಗಣಿಯ ಬಾಯಿಯ ಹತ್ತಿರ ತಾತನ ಜೊತೆ ನಿಂತ ಆರು ಜನರ ಫೋಟೋ ನನ್ನ ಫೋನಿನಲ್ಲಿದೆ. ಅವರ ಹೆಸರುಗಳು ಹೋದವು.

ಇದು ನನ್ನೊಬ್ಬನ ಸೋಮಾರಿತನದ ಕಥೆಯಲ್ಲ. 2017ರ ಜನವರಿ 26ರಂದು ವರ್ಡ್‌ಪ್ರೆಸ್ 4.7.2 ಬಂತು. ಅದು ಮುಚ್ಚಿದ ಒಂದು ದೊಡ್ಡ ದೋಷದ ವಿವರ ಹೊರಬಿದ್ದದ್ದು ವಾರದ ನಂತರ. ಅದಾದ ಮೇಲೆ ಅಪ್‌ಡೇಟ್ ಮಾಡದವರ ಲಕ್ಷಾಂತರ ಪುಟಗಳು ವಿರೂಪಗೊಂಡವು. ದೋಷ ಸರಿಯಾಗಿದೆ ಎಂಬ ಸುದ್ದಿ ಕಳ್ಳನಿಗೂ ಗೊತ್ತಾಗುತ್ತದೆ.

ಈಗ ಪ್ರತಿ ಭಾನುವಾರ ಕಾಲು ಗಂಟೆ ಸೈಟಿಗೆ ಮೀಸಲು. ಮೊದಲು ಬ್ಯಾಕಪ್: ಡೇಟಾಬೇಸ್, ಫೋಟೋಗಳು ಎರಡೂ. ಒಂದು ಪ್ರತಿ ಸರ್ವರ್‌ನ ಹೊರಗೆ. ತಿಂಗಳಿಗೊಂದು ಪ್ರತಿಯನ್ನು ಅಳಿಸೋದಿಲ್ಲ. ಆಮೇಲೆ ಪ್ಲಗಿನ್‌ಗಳನ್ನು ಒಂದೊಂದಾಗಿ ಅಪ್‌ಡೇಟ್ ಮಾಡ್ತೀನಿ, ಪ್ರತಿ ಸಲ ಸೈಟ್ ತೆರೆದು ನೋಡ್ತೀನಿ. ಎಲ್ಲ ಒಟ್ಟಿಗೆ ಒತ್ತಿದರೆ ಯಾವುದು ಕೆಡಿಸಿತು ಅಂತ ಗೊತ್ತಾಗಲ್ಲ. ಬಿಳಿ ಪುಟದ ಭಯವೂ ಮೊದಲಿನಷ್ಟು ಬೇಡ. 2019ರ 5.2 ಆವೃತ್ತಿಯಿಂದ ಸೈಟ್ ಕೆಟ್ಟರೆ ರಿಕವರಿ ಮೋಡ್‌ನ ಲಿಂಕ್ ಇಮೇಲ್‌ಗೆ ಬರುತ್ತದೆ. ಅದರಿಂದ ಒಳಗೆ ಹೋಗಿ ಕಾಟ ಕೊಡುವ ಪ್ಲಗಿನ್ ನಿಲ್ಲಿಸಬಹುದು. ವರ್ಷಗಟ್ಟಲೆ ಅಪ್‌ಡೇಟ್ ಕಾಣದ ಪ್ಲಗಿನ್ ಎಷ್ಟೇ ಚೆನ್ನಾಗಿರಲಿ, ತೆಗೆದುಬಿಡ್ತೀನಿ. 19 ಇದ್ದದ್ದು ಈಗ 6.

ಮುಖ್ಯವಾದದ್ದು ಇನ್ನೊಂದು. ಮೂರು ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಇಡೀ ಸೈಟನ್ನು ಲ್ಯಾಪ್‌ಟಾಪ್‌ನಲ್ಲಿ ಮತ್ತೆ ಎಬ್ಬಿಸಿ ನೋಡ್ತೀನಿ. ತೆರೆದು ನೋಡದ ಬ್ಯಾಕಪ್ಪನ್ನು ನಂಬಬಾರದು.

ಇದನ್ನೆಲ್ಲ ಅಪ್ಪನಿಗೆ ವಿವರಿಸಿದೆ. "ನಮ್ಮ ಗಣಿನೂ ಹಂಗೇ ಕಣೋ," ಅಂದರು. "2001ರಲ್ಲಿ ಮುಚ್ಚಿದ್ರು. ನೀರೆತ್ತೋದು ನಿಂತ ಮೇಲೆ ತಾನಾಗೇ ತುಂಬ್ಕೊಳ್ತು."

ಆ ಫೋಟೋದ ಪ್ರಿಂಟ್ ಹಿಡಿದು ಅಪ್ಪ ತಾತನ ಹಳೇ ಜೊತೆಗಾರರ ಮನೆಗಳಿಗೆ ಹೋಗಿ ಬಂದರು. ಆರರಲ್ಲಿ ನಾಲ್ಕು ಹೆಸರು ಸಿಕ್ಕವು. ಈ ಸಲ ಮೊದಲು ಪ್ರಿಂಟ್‌ನ ಹಿಂದೆ ಪೆನ್ಸಿಲ್‌ನಲ್ಲಿ ಬರೆದೆವು, ಆಮೇಲೆ ಸೈಟಿಗೆ ಹಾಕಿದೆ. ಉಳಿದ ಇಬ್ಬರ ಕೆಳಗೆ "ಹೆಸರು ತಿಳಿದಿಲ್ಲ" ಅಂತಿದೆ. ತಾತ ಹೇಳಿದ್ದರು, ನಾನೇ ಉಳಿಸಿಕೊಳ್ಳಲಿಲ್ಲ.